ಅರ್ಮೇನಿಯಾದ ಹೈಕ್ ಮಾರ್ತಿರೋಸ್ಯಾನ್: ಒಬ್ಬ ಆಟಗಾರನ ಬೆಳವಣಿಗೆಯನ್ನು ಗಮನಿಸುವುದು ಹೇಗೆ?

ಕರಿಕುದುರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅರ್ಮೇನಿಯಾದ ಚೆಸ್ ಗ್ರ್ಯಾಂಡ್‌ಮಾಸ್ಟರ್ ಹೈಕ್ ಮಾರ್ತಿರೋಸ್ಯಾನ್ ಅವರ ಆಟವನ್ನು ಕೆಲವು ಕಾಲದಿಂದ ಆಸಕ್ತಿಯಿಂದ ನೋಡುತ್ತಿದ್ದೇನೆ. ಅವರು 2000ದ ಜುಲೈನಲ್ಲಿ ಬ್ಯುರಾಕಾನ್‌ನಲ್ಲಿ ಹುಟ್ಟಿದವರು. ಅರಗಾತ್ಸ್ ಪರ್ವತದ ಇಳಿಜಾರಿನಲ್ಲಿರುವ, ಖಗೋಳ ವೀಕ್ಷಣಾಲಯದಿಂದಾಗಿ ಹೆಸರಾದ ಊರು ಅದು. 2017ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಪದವಿ ಪಡೆದರು. 2021ರ ವಿಶ್ವಕಪ್‌ನಲ್ಲಿ, ಆಗ ವಿಶ್ವದ ಮೊದಲ ಹತ್ತು ಮಂದಿಯಲ್ಲಿದ್ದ ಶಖ್ರಿಯಾರ್ ಮಮೆದ್ಯಾರೊವ್ ಅವರನ್ನು ಮೂರನೇ ಸುತ್ತಿನಲ್ಲಿ ಹೊರಗಟ್ಟಿದಾಗ ನಾನು ಅವರ ಹೆಸರನ್ನು ಮೊದಲ ಸಲ ಗಮನಕ್ಕೆ ತಂದುಕೊಂಡೆ.

ನನ್ನ ತೊಡಕು ಇಷ್ಟು. ಅಗ್ರ ಆಟಗಾರರನ್ನು ಹಿಂಬಾಲಿಸುವುದು ಸುಲಭ, ಏಕೆಂದರೆ ಅವರು ಆಡುವ ಟೂರ್ನಿಗಳೆಲ್ಲ ಸುದ್ದಿಯಾಗುತ್ತವೆ, ಪ್ರತಿಯೊಂದು ಆಟಕ್ಕೂ ವೀಕ್ಷಕ ವಿವರಣೆ ಸಿಗುತ್ತದೆ. ಆದರೆ ಆ ಸಾಲಿನ ಹೊಸ್ತಿಲಲ್ಲಿ ನಿಂತಿರುವ ಆಟಗಾರನ ವಿಷಯದಲ್ಲಿ ಹಾಗಲ್ಲ. ಒಂದು ತಿಂಗಳು ರೇಟಿಂಗ್ (ಆಟಗಾರನ ಬಲವನ್ನು ಅಳೆಯುವ ಸಂಖ್ಯೆ) ಎಂಟು ಅಂಕ ಏರುತ್ತದೆ, ಮುಂದಿನ ತಿಂಗಳು ಹತ್ತು ಅಂಕ ಇಳಿಯುತ್ತದೆ, ಇದರಲ್ಲಿ ಯಾವುದು ಬೆಳವಣಿಗೆ, ಯಾವುದು ಬರೀ ಏರಿಳಿತ ಎಂಬುದು ನನಗೆ ತಿಳಿಯುವುದಿಲ್ಲ. ಇಂಥ ಆಟಗಾರನನ್ನು ಗಂಭೀರವಾಗಿ ಗಮನಿಸಬೇಕಾದರೆ ಏನನ್ನು ನೋಡಬೇಕು? ಅರ್ಮೇನಿಯಾದ ಚೆಸ್ ವ್ಯವಸ್ಥೆಯ ಹಿನ್ನೆಲೆ ಬಲ್ಲವರು ಅದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ನಡುವಾಟ

ಒಳ್ಳೆಯ ಪ್ರಶ್ನೆ. ರೇಟಿಂಗ್‌ನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹೊಸ್ತಿಲಲ್ಲಿರುವ ಆಟಗಾರನ ಬಗ್ಗೆ ಹೆಚ್ಚು ದಾರಿ ತಪ್ಪಿಸುವುದೂ ಅದೇ, ಸರಿಯಾಗಿ ಓದಿದರೆ ಹೆಚ್ಚು ತಿಳಿಸುವುದೂ ಅದೇ.

2400 ದಾಟಿದ ಆಟಗಾರನಿಗೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ ಬಳಸುವ ಗುಣಾಂಕ 10. ಅಂದರೆ ಒಂದು ಆಟದಲ್ಲಿ ಆತನಿಂದ ಎಷ್ಟು ನಿರೀಕ್ಷೆಯಿತ್ತು, ಎಷ್ಟು ಗಳಿಸಿದ ಎಂಬ ವ್ಯತ್ಯಾಸವನ್ನು ಹತ್ತರಿಂದ ಗುಣಿಸಿದರೆ ರೇಟಿಂಗ್‌ನ ಬದಲಾವಣೆ ಸಿಗುತ್ತದೆ. ಈಗ 2650 ರೇಟಿಂಗ್ ಇರುವ ಒಬ್ಬ ಆಟಗಾರ ಒಂಬತ್ತು ಸುತ್ತುಗಳ ಓಪನ್ ಟೂರ್ನಿಗೆ ಹೋಗಿದ್ದಾನೆ, ಅಲ್ಲಿ ಅವನ ಎದುರಾಳಿಗಳ ಸರಾಸರಿ ರೇಟಿಂಗ್ 2500 ಎಂದಿಟ್ಟುಕೊಳ್ಳಿ. ವ್ಯತ್ಯಾಸ 150. ಫಿಡೆ ಕೋಷ್ಟಕದ ಪ್ರಕಾರ ಪ್ರತಿ ಆಟಕ್ಕೆ 0.70 ಅಂಕದ ನಿರೀಕ್ಷೆ, ಒಂಬತ್ತು ಆಟಕ್ಕೆ 6.3. ಆತ ಒಂದೂ ಆಟ ಸೋಲದೆ ಮೂರು ಗೆದ್ದು ಆರು ಡ್ರಾ ಮಾಡಿಕೊಂಡರೆ ಅವನಿಗೆ ಸಿಗುವುದು 6 ಅಂಕ. ಗ್ರ್ಯಾಂಡ್‌ಮಾಸ್ಟರ್‌ಗಳ ನಡುವೆ ಅಜೇಯನಾಗಿ ಉಳಿದು ಮನೆಗೆ ಬರುವಷ್ಟರಲ್ಲಿ ಅವನ ರೇಟಿಂಗ್ 3 ಅಂಕ ಕಡಿಮೆಯಾಗಿರುತ್ತದೆ.

ಅದೇ ಆಟಗಾರನಿಗೆ ಹತ್ತು ಮಂದಿಯ ಆಹ್ವಾನಿತ ರೌಂಡ್ ರಾಬಿನ್ (ಎಲ್ಲರೂ ಎಲ್ಲರೊಡನೆ ಆಡುವ) ಟೂರ್ನಿಯಲ್ಲಿ ಸ್ಥಾನ ಸಿಕ್ಕಿದೆ, ಉಳಿದ ಒಂಬತ್ತು ಮಂದಿಯ ಸರಾಸರಿ 2730 ಎಂದಿಟ್ಟುಕೊಳ್ಳೋಣ. ಈಗ ಪ್ರತಿ ಆಟಕ್ಕೆ ನಿರೀಕ್ಷೆ 0.39 ಮಾತ್ರ. ಒಂಬತ್ತೂ ಆಟಗಳನ್ನು ಡ್ರಾ ಮಾಡಿಕೊಂಡರೆ ಸಾಕು, ಹತ್ತಿರ ಹತ್ತಿರ ಹತ್ತು ಅಂಕ ಏರುತ್ತದೆ. ಮೊದಲ ಟೂರ್ನಿಯಲ್ಲಿ ಆತ ಪ್ರತಿದಿನ ಗೆಲುವಿಗಾಗಿ ಅಪಾಯಕ್ಕೆ ಒಡ್ಡಿಕೊಳ್ಳಬೇಕು, ಎರಡನೆಯದರಲ್ಲಿ ಗಟ್ಟಿಯಾಗಿ ನಿಂತರೂ ಮೇಲೇರುತ್ತಾನೆ. 2700ರ ಮೇಲೆ ಇರುವವರು ಸಾಮಾನ್ಯವಾಗಿ ಮೂವತ್ತು ನಲವತ್ತು ಮಂದಿ. ಅವರು ಪರಸ್ಪರ ಆಡುವ ಟೂರ್ನಿಗಳಿಗೆ ಆಹ್ವಾನ ಬೇಕು, ಆಹ್ವಾನ ಬೇಕಾದರೆ ರೇಟಿಂಗ್ ಬೇಕು, ಆ ರೇಟಿಂಗ್ ಗಳಿಸಬೇಕಾದರೆ ಓಪನ್ ಟೂರ್ನಿಗಳಲ್ಲಿ ತನಗಿಂತ ಕೆಳಗಿನವರನ್ನು ಸಾಲಾಗಿ ಸೋಲಿಸಬೇಕು. 2650 ಮತ್ತು 2700ರ ನಡುವಿನ ಪ್ರತಿಭಾವಂತರು ವರ್ಷಗಟ್ಟಲೆ ಅಲ್ಲಲ್ಲೇ ಸುತ್ತುವುದಕ್ಕೆ ನನ್ನ ದೃಷ್ಟಿಯಲ್ಲಿ ಮುಖ್ಯ ಕಾರಣ ಇದು. ಅದನ್ನು ಪ್ರತಿಭೆಯ ಮಿತಿ ಎಂದು ಬರೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಆದ್ದರಿಂದ ನನ್ನ ಸಲಹೆ: ಫಿಡೆ ಜಾಲತಾಣದಲ್ಲಿ ಆಟಗಾರನ ಪುಟಕ್ಕೆ ಹೋಗಿ, ತಿಂಗಳ ಒಟ್ಟು ಸಂಖ್ಯೆಯನ್ನು ಬಿಟ್ಟು, ಟೂರ್ನಿವಾರು ಲೆಕ್ಕವನ್ನು ತೆರೆಯಿರಿ. ಯಾವ ಎದುರಾಳಿ, ಅವರ ರೇಟಿಂಗ್ ಎಷ್ಟು, ಬಿಳಿ ಕಾಯಿಯೋ ಕಪ್ಪು ಕಾಯಿಯೋ, ಫಲಿತಾಂಶವೇನು ಎಂಬುದೆಲ್ಲ ಅಲ್ಲಿದೆ. ಎರಡು ಪಟ್ಟಿ ಮಾಡಿಕೊಳ್ಳಿ. 2700ರ ಆಸುಪಾಸಿನವರ ವಿರುದ್ಧ ಕಪ್ಪು ಕಾಯಿಗಳಲ್ಲಿ ಆಡಿದ ಆಟಗಳು ಒಂದರಲ್ಲಿ, 2500ರ ಆಸುಪಾಸಿನವರ ವಿರುದ್ಧ ಬಿಳಿ ಕಾಯಿಗಳಲ್ಲಿ ಆಡಿದ ಆಟಗಳು ಇನ್ನೊಂದರಲ್ಲಿ ಇರಲಿ. ಮೊದಲನೆಯ ಪಟ್ಟಿ ಆತನ ಮಟ್ಟವನ್ನು ತೋರಿಸುತ್ತದೆ, ಎರಡನೆಯದು ಆತನ ಛಲವನ್ನು. ಎರಡೂ ಒಂದೇ ವರ್ಷ ಸುಧಾರಿಸಿದರೆ ರೇಟಿಂಗ್ ಇಂದಲ್ಲ ನಾಳೆ ಏರುತ್ತದೆ.

ಯೆರೆವಾನ್ ಪ್ರಿಯ

ಮೇಲಿನ ಉತ್ತರ ಲೆಕ್ಕದ ಮಗ್ಗುಲನ್ನು ಚೆನ್ನಾಗಿ ಬಿಡಿಸಿದೆ. ನಾನು ಹಿನ್ನೆಲೆಯ ಬಗ್ಗೆ ಬರೆಯುತ್ತೇನೆ.

ಸುಮಾರು ಮೂವತ್ತು ಲಕ್ಷ ಜನರಿರುವ ದೇಶ ಚೆಸ್ ಒಲಿಂಪಿಯಾಡ್‌ನಲ್ಲಿ ಮೂರು ಸಲ, 2006ರಲ್ಲಿ ಟುರಿನ್, 2008ರಲ್ಲಿ ಡ್ರೆಸ್ಡೆನ್, 2012ರಲ್ಲಿ ಇಸ್ತಾಂಬುಲ್, ಚಿನ್ನ ಗೆದ್ದಿದೆ. ಇದರ ಬೇರು ಟಿಗ್ರಾನ್ ಪೆಟ್ರೋಸಿಯನ್ ಅವರಲ್ಲಿದೆ ಎಂಬುದರಲ್ಲಿ ಅನುಮಾನವಿಲ್ಲ. 1929ರಲ್ಲಿ ಟಿಬಿಲಿಸಿಯ ಅರ್ಮೇನಿಯನ್ ಕುಟುಂಬವೊಂದರಲ್ಲಿ ಹುಟ್ಟಿ, 1963ರಲ್ಲಿ ಬೋತ್ವಿನ್ನಿಕ್ ಅವರನ್ನು 12.5–9.5ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದರು. 1966ರಲ್ಲಿ ಸ್ಪಾಸ್ಕಿಯವರ ಎದುರು ಪಟ್ಟ ಉಳಿಸಿಕೊಂಡು 1969ರಲ್ಲಿ ಅವರಿಗೇ ಬಿಟ್ಟುಕೊಟ್ಟರು. 1963ರ ಪಂದ್ಯ ನಡೆದದ್ದು ಮಾಸ್ಕೋದಲ್ಲಾದರೂ ಯೆರೆವಾನ್‌ನ ಒಪೆರಾ ಚೌಕದಲ್ಲಿ ದೊಡ್ಡ ಪ್ರದರ್ಶನ ಫಲಕದ ಮುಂದೆ ಜನ ಕಿಕ್ಕಿರಿದು ನಿಂತು ಒಂದೊಂದು ನಡೆಗೂ ಕಾಯುತ್ತಿದ್ದರು. ನಗರದ ಮಧ್ಯದಲ್ಲಿ 1970ರಲ್ಲಿ ಕಟ್ಟಿದ ಚೆಸ್ ಭವನಕ್ಕೆ ಈಗ ಅವರದೇ ಹೆಸರಿದೆ.

ಆದರೆ ಇಲ್ಲಿ ಒಂದು ಮಾತು ಹೇಳಲೇಬೇಕು. ಅರ್ಮೇನಿಯಾದ ಯಾವ ಯುವ ಆಟಗಾರನ ಬಗ್ಗೆ ಬರೆದರೂ ‘ಶಾಲೆಯಲ್ಲಿ ಚೆಸ್ ಕಡ್ಡಾಯ ಮಾಡಿದ ದೇಶದ ಫಸಲು’ ಎಂದು ಸೇರಿಸುವ ರೂಢಿ ಬೆಳೆದುಬಿಟ್ಟಿದೆ. ಆ ಕಾರ್ಯಕ್ರಮ ಆರಂಭವಾದದ್ದು 2011ರಲ್ಲಿ, ಎರಡರಿಂದ ನಾಲ್ಕನೇ ತರಗತಿಯ ಮಕ್ಕಳಿಗೆ. 2000ದಲ್ಲಿ ಹುಟ್ಟಿದ ಮಾರ್ತಿರೋಸ್ಯಾನ್ ಆಗ ಹನ್ನೊಂದು ವರ್ಷದವರು. ಆ ತರಗತಿಗಳನ್ನು ಅವರು ಆಗಲೇ ದಾಟಿದ್ದ ವಯಸ್ಸು. ಎರಡನೇ ತರಗತಿಯಿಂದಲೇ ಈ ಪಾಠ ಕಲಿತ ಮೊದಲ ತಂಡದವರು 2003, 2004ರ ನಂತರ ಹುಟ್ಟಿದವರು. ಹಾಗಾಗಿ ಅವರ ಬೆಳವಣಿಗೆಯ ಶ್ರೇಯಸ್ಸನ್ನು ಆ ಯೋಜನೆಗೆ ಕೊಡುವುದು ಸರಿಯಲ್ಲ. ಅವರ ಪೀಳಿಗೆಯನ್ನು ರೂಪಿಸಿದ್ದು ಅದಕ್ಕಿಂತ ಹಳೆಯ ವ್ಯವಸ್ಥೆ: ಊರೂರಿನ ಚೆಸ್ ಶಾಲೆಗಳು, ಗ್ರ್ಯಾಂಡ್‌ಮಾಸ್ಟರ್ ಸ್ಮ್ಬಾತ್ ಲ್ಪುತಿಯಾನ್ ಅವರು 2002ರಲ್ಲಿ ಕಟ್ಟಿದ ಚೆಸ್ ಅಕಾಡೆಮಿ, ತರಬೇತಿಯನ್ನೇ ವೃತ್ತಿಯಾಗಿಸಿಕೊಂಡ ಹಿರಿಯ ಆಟಗಾರರು. ಮೂರು ಚಿನ್ನಗಳ ಕಾಲದಲ್ಲಿ ಅವರು ಆರರಿಂದ ಹನ್ನೆರಡು ವರ್ಷದ ಹುಡುಗ. ದೇಶದ ತಂಡದ ಅಗ್ರ ಆಟಗಾರ ಲೆವೊನ್ ಅರೋನಿಯನ್ ಅವರ ಚಿತ್ರ ಇಡೀ ದೇಶದ ಕಣ್ಣಮುಂದಿದ್ದ ದಿನಗಳಲ್ಲಿ ಬೆಳೆದ ಮಗು ಎಂದರೆ ಇನ್ನೂ ಸರಿ.

ಅರೋನಿಯನ್ ಅವರನ್ನು ನೆನೆದ ಮೇಲೆ 2021ನ್ನು ನೆನೆಯದಿರಲಾಗದು. ಆ ವರ್ಷದ ಫೆಬ್ರುವರಿಯಲ್ಲಿ ಅವರು ಅಮೆರಿಕದ ಪರವಾಗಿ ಆಡುವ ನಿರ್ಧಾರವನ್ನು ಪ್ರಕಟಿಸಿದರು. ಒಂದೂವರೆ ದಶಕ ತಂಡದ ಮೊದಲ ಬೋರ್ಡಿನಲ್ಲಿ (ಅಗ್ರ ಆಟಗಾರನ ಸ್ಥಾನದಲ್ಲಿ) ಕುಳಿತ ಆಟಗಾರ ಹೋದ ಮೇಲೆ ಉಳಿದ ತಂಡದಲ್ಲಿ ಯಾರೊಬ್ಬರೂ ಅವರ ಎತ್ತರದವರಾಗಿರಲಿಲ್ಲ. ಮಾರ್ತಿರೋಸ್ಯಾನ್ ಅವರ ಮೇಲೆ, ಅವರಿಗಿಂತ ಎರಡು ವರ್ಷ ಕಿರಿಯ ಶಾಂತ್ ಸರ್ಗ್ಸ್ಯಾನ್ ಅವರ ಮೇಲೆ ದೇಶದ ಕಣ್ಣು ನೆಟ್ಟದ್ದು ಆಗ. ಪ್ರಶ್ನೆ ಕೇಳಿದವರು ನೆನಪಿಸಿಕೊಂಡ ಮಮೆದ್ಯಾರೊವ್ ವಿರುದ್ಧದ ಗೆಲುವು ಸೋಚಿಯಲ್ಲಿ ಬಂದದ್ದು ಅದೇ ವರ್ಷದ ಜುಲೈನಲ್ಲಿ. ಮಮೆದ್ಯಾರೊವ್ ಅಜರ್‌ಬೈಜಾನ್‌ನವರು, ಎರಡು ದೇಶಗಳ ನಡುವಿನ 2020ರ ಯುದ್ಧ ನಿಂತು ಆಗ ವರ್ಷವೂ ತುಂಬಿರಲಿಲ್ಲ. ಇಪ್ಪತ್ತೊಂದರ ಹೊಸ್ತಿಲಿನ ಯುವಕನೊಬ್ಬ ಆ ಭಾರವನ್ನು ಹೊತ್ತುಕೊಂಡು ತನಗಿಂತ ಎಷ್ಟೋ ಮೇಲಿನ ಎದುರಾಳಿಯನ್ನು ಸೋಲಿಸಿದ್ದನ್ನು ನಾನು ಆತನ ವೃತ್ತಿಯ ದೊಡ್ಡ ಸಾಧನೆಗಳಲ್ಲಿ ಒಂದಾಗಿ ಎಣಿಸುತ್ತೇನೆ.

ಅರ್ಮೇನಿಯಾದವರ ಆಟದ ದಾಖಲೆ ನೋಡುವಾಗ ಇನ್ನೊಂದನ್ನು ಗಮನದಲ್ಲಿಡಿ. 2016ರ ಒಲಿಂಪಿಯಾಡ್ ಬಾಕುವಿನಲ್ಲಿ ನಡೆದ ಕಾರಣ ಅರ್ಮೇನಿಯಾ ಅದರಲ್ಲಿ ಭಾಗವಹಿಸಲಿಲ್ಲ. ಕೆಲವು ಹಿರಿಯ ಆಟಗಾರರ ಪುಟಗಳಲ್ಲಿ ಕಾಣುವ ಆ ಖಾಲಿ ಜಾಗಕ್ಕೂ ಅವರ ಆಟದ ಲಯಕ್ಕೂ ಸಂಬಂಧವಿಲ್ಲ.

ಅರವತ್ತನಾಲ್ಕು ಮನೆ

ಆಟಗಳನ್ನು ಎಲ್ಲಿಂದ ತೆಗೆದುಕೊಳ್ಳಬೇಕು ಎಂಬುದನ್ನು ಯಾರೂ ಹೇಳಿಲ್ಲ, ಆದ್ದರಿಂದ ಚುಟುಕಾಗಿ ಬರೆಯುತ್ತೇನೆ. ‘ದಿ ವೀಕ್ ಇನ್ ಚೆಸ್’ 1994ರಿಂದ ವಾರಕ್ಕೊಮ್ಮೆ ಜಗತ್ತಿನ ಪ್ರಮುಖ ಟೂರ್ನಿಗಳ ಆಟಗಳನ್ನು ಒಂದೇ ಕಡತದಲ್ಲಿ ಉಚಿತವಾಗಿ ಕೊಡುತ್ತಿದೆ. ಅದನ್ನು ಇಳಿಸಿಕೊಂಡು ಹೆಸರಿನಿಂದ ಹುಡುಕಿದರೆ ಸಾಕು. ನೇರ ಪ್ರಸಾರಕ್ಕೆ ಲಿಚೆಸ್ ಎಂಬ ಚೆಸ್ ಜಾಲತಾಣದ ಪ್ರಸಾರ ವಿಭಾಗ ಒಳ್ಳೆಯದು. ಸಣ್ಣ ಓಪನ್ ಟೂರ್ನಿಗಳೂ ಯುರೋಪಿನ ತಂಡ ಲೀಗ್‌ಗಳೂ ಅಲ್ಲಿ ಸಿಗುತ್ತವೆ. ಮಾರ್ತಿರೋಸ್ಯಾನ್ ಅವರ ಮಟ್ಟದ ಯುರೋಪಿನ ವೃತ್ತಿಪರರ ವರ್ಷದಲ್ಲಿ ಲೀಗ್ ಪಂದ್ಯಗಳ ಪಾಲು ಸಣ್ಣದಲ್ಲ. ಸುದ್ದಿಗೆ ಬರುವ ಟೂರ್ನಿಗಳನ್ನಷ್ಟೇ ನೋಡಿದರೆ ಅವೆಲ್ಲ ತಪ್ಪಿಹೋಗುತ್ತವೆ.

ಹುಡುಕುವಾಗ ಎಚ್ಚರ ಬೇಕು. ಅರ್ಮೇನಿಯಾದಲ್ಲಿ ಒಂದೇ ಮನೆತನದ ಹೆಸರಿನ ಗ್ರ್ಯಾಂಡ್‌ಮಾಸ್ಟರ್‌ಗಳು ಹಲವರು. ವಿಶ್ವ ಚಾಂಪಿಯನ್ ಟಿಗ್ರಾನ್ ಪೆಟ್ರೋಸಿಯನ್ ಬೇರೆ, 2008 ಮತ್ತು 2012ರ ಒಲಿಂಪಿಯಾಡ್ ಚಿನ್ನದ ತಂಡಗಳಲ್ಲಿದ್ದ, 1984ರಲ್ಲಿ ಹುಟ್ಟಿದ ಟಿಗ್ರಾನ್ ಪೆಟ್ರೋಸಿಯನ್ ಬೇರೆ, ಮಾನುವೆಲ್ ಪೆಟ್ರೋಸ್ಯಾನ್ ಇನ್ನೂ ಬೇರೆ. ಗಾಬ್ರಿಯೆಲ್ ಸರ್ಗಿಸ್ಯಾನ್ ಮತ್ತು ಶಾಂತ್ ಸರ್ಗ್ಸ್ಯಾನ್ ಅವರ ಆಟಗಳೂ ಕಲಸಿಹೋಗುವುದುಂಟು. ಫಿಡೆ ಗುರುತಿನ ಸಂಖ್ಯೆಯಿಂದ ಹುಡುಕುವುದು ಸುರಕ್ಷಿತ.

ಕರಿಕುದುರೆ

ಮೂವರಿಗೂ ಧನ್ಯವಾದ. ಅಜೇಯನಾಗಿ ಉಳಿದೂ ರೇಟಿಂಗ್ ಕಳೆದುಕೊಳ್ಳುವ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿದೆ, ಸರಿಯಾಗಿದೆ. ಇದನ್ನು ತಿಳಿದ ಮೇಲೆ ಹಿಂದಿನ ಕೆಲವು ತಿಂಗಳುಗಳ ಇಳಿತ ಬೇರೆಯಾಗಿಯೇ ಕಾಣುತ್ತಿದೆ.

ಇನ್ನೊಂದು ಪ್ರಶ್ನೆ ಉಳಿದಿದೆ. 2022ರ ಡಿಸೆಂಬರ್‌ನಲ್ಲಿ ಅಲ್ಮಾಟಿಯಲ್ಲಿ ನಡೆದ ವಿಶ್ವ ಬ್ಲಿಟ್ಜ್ ಚಾಂಪಿಯನ್‌ಷಿಪ್‌ನಲ್ಲಿ ಮಾರ್ತಿರೋಸ್ಯಾನ್ ಅವರು ಕಾರ್ಲ್‌ಸನ್ ಮತ್ತು ನಕಮುರ ಅವರ ನಂತರ ಮೂರನೇ ಸ್ಥಾನ ಪಡೆದರು. ಬ್ಲಿಟ್ಜ್ ಎಂಬ ಅತಿವೇಗದ ಆಟದ ಫಲಿತಾಂಶಗಳಿಗೆ ಎಷ್ಟು ತೂಕ ಕೊಡಬೇಕು? ಮೂರು ನಿಮಿಷದ ಆಟದಿಂದ ಆಟಗಾರನ ಭವಿಷ್ಯ ತಿಳಿಯದು ಎಂದು ಕೆಲವರು ಹೇಳುತ್ತಾರೆ. ವಿಶ್ವ ಚಾಂಪಿಯನ್‌ಗೆ ಸವಾಲುಗಾರನನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿಯ ತನಕ ಹೋಗುವ ದಾರಿ ಇಂಥವರಿಗೆ ಯಾವುದು?

ಕೊನೆಯಾಟ

ಆ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ ಎಂದು ನನಗೆ ಅನಿಸುತ್ತದೆ.

ಕ್ಯಾಂಡಿಡೇಟ್ಸ್‌ಗೆ ಹೋಗುವ ದಾರಿಗಳಲ್ಲಿ ರೇಟಿಂಗ್‌ನ ಮೂಲಕ ಸಿಗುವುದು ಅತಿ ಕಿರಿದು, ಅದು ಅಗ್ರಸ್ಥಾನದಲ್ಲಿರುವವರಿಗೇ ಮೀಸಲು. ಗ್ರ್ಯಾಂಡ್ ಸ್ವಿಸ್ ಮತ್ತು ವಿಶ್ವಕಪ್ ಮಾತ್ರ ಹೊಸ್ತಿಲಿನಲ್ಲಿರುವವರಿಗೆ ನಿಜವಾಗಿಯೂ ತೆರೆದಿರುವ ಬಾಗಿಲುಗಳು. 2021ರಿಂದ ವಿಶ್ವಕಪ್‌ನಲ್ಲಿ 206 ಆಟಗಾರರು; 2023 ಮತ್ತು 2025ರ ವಿಶ್ವಕಪ್‌ಗಳಿಂದ ಮೊದಲ ಮೂವರು ಕ್ಯಾಂಡಿಡೇಟ್ಸ್‌ಗೆ ಅರ್ಹರಾದರು. ಪ್ರತಿ ಸುತ್ತಿನಲ್ಲಿ ಇಬ್ಬರ ನಡುವೆ ಎರಡು ಕ್ಲಾಸಿಕಲ್ (ದೀರ್ಘ ಸಮಯದ) ಆಟ, ಸಮಬಲವಾದರೆ ಮೂರನೇ ದಿನ ಕಡಿಮೆ ಸಮಯದ ರ‍್ಯಾಪಿಡ್, ಅಲ್ಲಿಯೂ ತೀರ್ಮಾನವಾಗದಿದ್ದರೆ ಬ್ಲಿಟ್ಜ್. ಬಲದಲ್ಲಿ ಹತ್ತಿರವಿರುವ ಇಬ್ಬರು ಎರಡೇ ಆಟ ಆಡಿದರೆ ಎಷ್ಟೋ ಸಲ ಒಂದೊಂದು ಅಂಕವಾಗಿ ಟೈಬ್ರೇಕರ್‌ಗೆ ಹೋಗುತ್ತದೆ. ಹೀಗಿರುವಾಗ ಗಡಿಯಾರ ಓಡುತ್ತಿದ್ದಾಗ ತಣ್ಣಗೆ ಯೋಚಿಸಬಲ್ಲ ಆಟಗಾರ ತನಗಿಂತ ನಲವತ್ತು ಐವತ್ತು ಅಂಕ ಮೇಲಿನ ಎದುರಾಳಿಯೊಡನೆ ಕ್ಲಾಸಿಕಲ್ ಆಟಗಳಲ್ಲಿ ಸಮನಾಗಿ ನಿಂತರೆ ಸಾಕು, ಮೂರನೇ ದಿನ ಆತನ ಅವಕಾಶ ರೇಟಿಂಗ್ ಹೇಳುವುದಕ್ಕಿಂತ ಹೆಚ್ಚಾಗಿರುತ್ತದೆ. ಅಲ್ಮಾಟಿಯ ಮೂರನೇ ಸ್ಥಾನವನ್ನು ನಾನು ಹಾಗೆ ಓದುತ್ತೇನೆ. ಇಪ್ಪತ್ತೊಂದು ಸುತ್ತುಗಳ ಟೂರ್ನಿ ಅದು, ಒಂದು ಸಂಜೆಯ ಅದೃಷ್ಟದಿಂದ ಪದಕ ಸಿಗುವ ಜಾಗವಲ್ಲ.

ಈ ಮಾತಿಗೆ ಅರೋನಿಯನ್ ಅವರ ವೃತ್ತಿಯೇ ಎರಡೂ ಕಡೆಯ ಸಾಕ್ಷಿ. 2005ರಲ್ಲಿ ಖಾಂತಿ-ಮನ್ಸಿಸ್ಕ್‌ನಲ್ಲಿ, 2017ರಲ್ಲಿ ಟಿಬಿಲಿಸಿಯಲ್ಲಿ ಅವರು ವಿಶ್ವಕಪ್ ಗೆದ್ದರು. 2014ರ ಮಾರ್ಚ್‌ನಲ್ಲಿ ಅವರ ರೇಟಿಂಗ್ 2830. ಚೆಸ್‌ನ ಇತಿಹಾಸದಲ್ಲಿ ಆ ಎತ್ತರ ಮುಟ್ಟಿದವರು ಬೆರಳೆಣಿಕೆಯಷ್ಟು. ಆದರೂ ಅವರು ಒಮ್ಮೆಯೂ ವಿಶ್ವ ಚಾಂಪಿಯನ್‌ಷಿಪ್‌ನ ಪಂದ್ಯದಲ್ಲಿ ಸವಾಲುಗಾರನಾಗಿ ಕೂರಲಿಲ್ಲ. ಕ್ಯಾಂಡಿಡೇಟ್ಸ್‌ನಲ್ಲಿ ಮತ್ತೆ ಮತ್ತೆ ಅವಕಾಶ ಸಿಕ್ಕಿತು, ಹಿಂದಿನ ವರ್ಷವಷ್ಟೇ ವಿಶ್ವಕಪ್ ಎತ್ತಿದ್ದವರು 2018ರಲ್ಲಿ ಬರ್ಲಿನ್‌ನ ಕ್ಯಾಂಡಿಡೇಟ್ಸ್‌ನಲ್ಲಿ ಕೊನೆಯ ಸ್ಥಾನದಲ್ಲಿ ಉಳಿದರು. ಒಬ್ಬ ಆಟಗಾರನನ್ನು ಗಮನಿಸುವವರು ಯಾವ ತಿಂಗಳಲ್ಲಿ ಎಷ್ಟು ರೇಟಿಂಗ್ ಎಂಬುದರ ಜತೆಗೆ ನಿರ್ಣಾಯಕ ಎರಡು ಮೂರು ವಾರಗಳಲ್ಲಿ ಆತ ಹೇಗೆ ಆಡುತ್ತಾನೆ ಎಂಬುದನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಬೇಕೆಂದು ನಾನು ಹೇಳುವುದು ಇದಕ್ಕೇ.

ಮಾರ್ತಿರೋಸ್ಯಾನ್ ಅವರಂಥವರಿಗೆ ಇನ್ನೊಂದು ಮುಖ್ಯ ಟೂರ್ನಿ ಯುರೋಪಿಯನ್ ವೈಯಕ್ತಿಕ ಚಾಂಪಿಯನ್‌ಷಿಪ್. ಹನ್ನೊಂದು ಸುತ್ತು, ಸ್ವಿಸ್ ಪದ್ಧತಿ (ಪ್ರತಿ ಸುತ್ತಿನಲ್ಲಿ ಹತ್ತಿರದ ಅಂಕದವರ ನಡುವೆ ಆಟ), ವಿಶ್ವಕಪ್‌ಗೆ ಅರ್ಹತೆ ಸಿಗುವುದು ಅಲ್ಲಿ. ಕೊನೆಯ ಎರಡು ಸುತ್ತುಗಳ ಆಟಗಳನ್ನು ನೋಡಿದರೆ ಡ್ರಾ ಸಾಕೋ ಸಾಲದೋ ಎಂಬ ಲೆಕ್ಕಾಚಾರದಲ್ಲಿ ಆಟಗಾರನ ಮನಸ್ಸು ಹೇಗೆ ನಡೆಯುತ್ತದೆ ಎಂಬುದು ಎದ್ದು ಕಾಣುತ್ತದೆ. ನೆದರ್‌ಲ್ಯಾಂಡ್ಸ್‌ನ ವೈಕ್ ಆನ್ ಝೀ ಟೂರ್ನಿಯ ಚಾಲೆಂಜರ್ಸ್ ವಿಭಾಗವನ್ನೂ ಮರೆಯಬೇಡಿ; ಅಲ್ಲಿ ಗೆದ್ದವರಿಗೆ ಮುಂದಿನ ವರ್ಷ ಮಾಸ್ಟರ್ಸ್‌ನಲ್ಲಿ ಸ್ಥಾನ. ನಡುವಾಟ ಅವರು ವಿವರಿಸಿದ ಬೇಲಿಯನ್ನು ಒಂದೇ ಟೂರ್ನಿಯಿಂದ ದಾಟಿಸುವ ಅಪರೂಪದ ಅವಕಾಶ ಅದು.

ಯೆರೆವಾನ್ ಪ್ರಿಯ

ಮೇಲಿನದನ್ನು ಒಪ್ಪುತ್ತೇನೆ, ಆದರೆ ಅರ್ಮೇನಿಯಾದ ಆಟಗಾರನನ್ನು ವೈಯಕ್ತಿಕ ಟೂರ್ನಿಗಳಿಂದ ಮಾತ್ರ ಅಳೆಯುವುದರಲ್ಲಿ ಏನೋ ಕೊರತೆಯಿದೆ ಎಂದು ನನ್ನ ನಂಬಿಕೆ. ಆ ದೇಶದಲ್ಲಿ ಚೆಸ್ ಮೊದಲು ತಂಡದ ಆಟ. 2008ರ ಜೂನ್‌ನಲ್ಲಿ, ಟುರಿನ್‌ನ ಚಿನ್ನದ ತಂಡದಲ್ಲಿದ್ದ ಕರೆನ್ ಅಸ್ರಿಯಾನ್ ಇಪ್ಪತ್ತೆಂಟನೇ ವಯಸ್ಸಿಗೇ ತೀರಿಕೊಂಡರು. ಅದೇ ವರ್ಷ ಡ್ರೆಸ್ಡೆನ್‌ನಲ್ಲಿ ಉಳಿದವರು ಮತ್ತೆ ಚಿನ್ನ ಗೆದ್ದು ಅದನ್ನು ಅವರಿಗೆ ಅರ್ಪಿಸಿದರು.

2022ರ ಒಲಿಂಪಿಯಾಡ್ ಚೆನ್ನೈ ಬಳಿಯ ಮಾಮಲ್ಲಪುರದಲ್ಲಿ ನಡೆಯಿತು. ಅರೋನಿಯನ್ ಅಮೆರಿಕದ ತಂಡದಲ್ಲಿದ್ದರು. ಅರ್ಮೇನಿಯಾದ ಐವರಲ್ಲಿ ಮಾರ್ತಿರೋಸ್ಯಾನ್ ಇರಲಿಲ್ಲ; ಸರ್ಗಿಸ್ಯಾನ್, ಮೆಲ್ಕುಮ್ಯಾನ್, ತೆರ್-ಸಹಾಕ್ಯಾನ್, ಮಾನುವೆಲ್ ಪೆಟ್ರೋಸ್ಯಾನ್, ರಾಬರ್ಟ್ ಹೊವ್ಹಾನ್ನಿಸ್ಯಾನ್ ಆಡಿದರು. ಆರನೇ ಸುತ್ತಿನಲ್ಲಿ ಭಾರತದ ಎರಡನೇ ತಂಡದ ವಿರುದ್ಧ ಮೊದಲ ಬೋರ್ಡಿನಲ್ಲಿ ಸರ್ಗಿಸ್ಯಾನ್ ಅವರು ಗುಕೇಶ್ ಅವರಿಗೆ ಸೋತರೂ ತಂಡ 2.5–1.5ರಿಂದ ಗೆದ್ದಿತು. ಕೊನೆಗೆ ಉಜ್ಬೇಕಿಸ್ತಾನ್ ಮತ್ತು ಅರ್ಮೇನಿಯಾ ಎರಡಕ್ಕೂ 19 ಅಂಕ, ಟೈಬ್ರೇಕ್‌ನಲ್ಲಿ ಅರ್ಮೇನಿಯಾಕ್ಕೆ ಬೆಳ್ಳಿ. ಅತಿ ದೊಡ್ಡ ಹೆಸರು ಹೊರಟುಹೋದ ಮರುವರ್ಷ ಬಂದ ಬೆಳ್ಳಿ ಅದು. ಹಾಗಾಗಿ ಮಾರ್ತಿರೋಸ್ಯಾನ್ ತಂಡದ ಆಟ ಆಡುವಾಗ ಪಕ್ಕದ ಬೋರ್ಡುಗಳ ಸ್ಥಿತಿಯನ್ನೂ ನೋಡಿ. ತಂಡಕ್ಕೆ ಅರ್ಧ ಅಂಕ ಸಾಕಾಗಿದ್ದಾಗ ಒಪ್ಪಿಕೊಂಡ ಡ್ರಾ ಫಿಡೆ ಪುಟದಲ್ಲಿ 1.4 ಅಂಕದ ನಷ್ಟವಾಗಿ ಕಾಣಬಹುದು. ತನಗಿಂತ ನೂರು ಅಂಕ ಕೆಳಗಿನವನ ಜತೆ ಡ್ರಾ ಆದರೆ ಅಷ್ಟೇ ಹೋಗುವುದು. ಅದೇ ಡ್ರಾ ತಂಡಕ್ಕೆ ಪಂದ್ಯ ಗೆದ್ದುಕೊಟ್ಟಿರುತ್ತದೆ.

ನಡುವಾಟ

ಸರಿಯಾದ ಮಾತು, ನನ್ನ ಎರಡು ಪಟ್ಟಿಗಳಿಂದ ತಂಡದ ಪಂದ್ಯಗಳನ್ನು ಬೇರೆಯಾಗಿ ಇಡುವುದು ಒಳಿತು. ಇದರ ಜತೆಗೆ ಒಂದನ್ನು ಸೇರಿಸುತ್ತೇನೆ, ಏಕೆಂದರೆ ಇಷ್ಟು ಹೊತ್ತು ನಾವು ಆಟದ ಸುತ್ತಮುತ್ತಲನ್ನೇ ಮಾತಾಡಿದ್ದೇವೆ. ಆಟಗಳನ್ನು ಕೂತು ಆಡಿ ನೋಡದೆ ಬೆಳವಣಿಗೆ ತಿಳಿಯುವುದಿಲ್ಲ.

ಪೆಟ್ರೋಸಿಯನ್ ಅವರ ಹೆಸರು ಬಂದಿತಲ್ಲ, 1953ರ ಜ್ಯೂರಿಕ್ ಕ್ಯಾಂಡಿಡೇಟ್ಸ್‌ನಲ್ಲಿ ರೆಷೆವ್ಸ್ಕಿ ವಿರುದ್ಧ ಅವರು ಕಪ್ಪು ಕಾಯಿಗಳಲ್ಲಿ ಆಡಿದ ಆಟವನ್ನು ತೆರೆಯಿರಿ. ಬಿಳಿಯ ಎರಡು ಪದಾತಿಗಳು ಡಿ4 ಮತ್ತು ಇ5ರಲ್ಲಿ ನಿಂತು ನಡುವನ್ನು ಆಳುತ್ತಿವೆ, ಕಪ್ಪಿನ ಆನೆಗಳಿಗೆ (ರೂಕ್) ಉಸಿರಾಡಲು ಜಾಗವಿಲ್ಲ. 25ನೇ ನಡೆಯಲ್ಲಿ ಪೆಟ್ರೋಸಿಯನ್ ಇ7ರಲ್ಲಿದ್ದ ಆನೆಯನ್ನು ಇ6ಕ್ಕೆ ಒಯ್ದು ಬಿಳಿಯ ಒಂಟೆಯ (ಬಿಷಪ್) ಬಾಯಿಗೆ ಇಟ್ಟರು. ಇ7 ಮನೆ ತೆರವಾದದ್ದರಿಂದ ಸಿ6ರ ಕುದುರೆ ಅಲ್ಲಿಗೆ ಬಂದು, ಅಲ್ಲಿಂದ ಡಿ5ಕ್ಕೆ ಹಾರಿ ಕುಳಿತುಕೊಳ್ಳುತ್ತದೆ; ಇನ್ನು ಅದನ್ನು ಯಾವ ಪದಾತಿಯೂ ಓಡಿಸಲಾರದು. ಆನೆಯ ಬದಲಿಗೆ ಬಿಳಿಯ ಬಲಿಷ್ಠ ಒಂಟೆಯೂ ಹೋಯಿತು, ಮುನ್ನುಗ್ಗಬೇಕಿದ್ದ ಪದಾತಿಗಳೂ ನಿಂತಲ್ಲೇ ನಿಂತವು. ಆಟ ಡ್ರಾ ಆಯಿತು. ಫಲಿತಾಂಶದ ಪಟ್ಟಿಯಲ್ಲಿ ಅದು ಅರ್ಧ ಅಂಕ ಮಾತ್ರ, ಎಪ್ಪತ್ತು ವರ್ಷಗಳ ನಂತರವೂ ತರಬೇತುದಾರರು ಆ ನಡೆಯನ್ನು ಪಾಠ ಮಾಡುತ್ತಾರೆ.

ಮಾರ್ತಿರೋಸ್ಯಾನ್ ಅವರ ಆಟಗಳಲ್ಲಿಯೂ ಹೀಗೆಯೇ ಹುಡುಕಿ. ಒಂದು ಆಟ ತೆಗೆದುಕೊಂಡು, ಇಪ್ಪತ್ತನೇ ನಡೆಯ ಹೊತ್ತಿಗೆ ನಿಲ್ಲಿಸಿ, ಎಂಜಿನ್ (ಚೆಸ್ ವಿಶ್ಲೇಷಿಸುವ ತಂತ್ರಾಂಶ) ಹಚ್ಚದೆ ಮುಂದಿನ ನಡೆಯನ್ನು ನೀವೇ ಊಹಿಸಿ. ನಂತರ ಅವರು ಆಡಿದ್ದನ್ನು ನೋಡಿ. ಕಷ್ಟದ ಸ್ಥಿತಿಯಲ್ಲಿ ಹೇಗೆ ರಕ್ಷಿಸಿಕೊಳ್ಳುತ್ತಾರೆ, ಸಣ್ಣ ಮೇಲುಗೈಯನ್ನು ಎಷ್ಟು ಹೊತ್ತು ಕೈಬಿಡದೆ ಹಿಡಿದಿರುತ್ತಾರೆ, 40ನೇ ನಡೆಗೆ ಮುನ್ನ ಗಡಿಯಾರದಲ್ಲಿ ಎಷ್ಟು ನಿಮಿಷ ಉಳಿದಿರುತ್ತದೆ ಎಂಬುದನ್ನು ಪ್ರತಿ ಆಟದ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ನೇರ ಪ್ರಸಾರದ ಕಡತಗಳಲ್ಲಿ ಬಹುಪಾಲು ಪ್ರತಿ ನಡೆಯ ಗಡಿಯಾರದ ಸಮಯವೂ ದಾಖಲಾಗಿರುತ್ತದೆ.

ಕರಿಕುದುರೆ

ಮಾಡುತ್ತೇನೆ. 2021ರ ವಿಶ್ವಕಪ್‌ನ ಮಮೆದ್ಯಾರೊವ್ ಪಂದ್ಯದಿಂದ ಆರಂಭಿಸಿ, ನಂತರದ ಆಟಗಳನ್ನು ನಡುವಾಟ ಅವರು ಹೇಳಿದ ಎರಡು ಪಟ್ಟಿಗಳಾಗಿ ಬೇರ್ಪಡಿಸಿ, ತಂಡದ ಪಂದ್ಯಗಳಿಗೆ ಮೂರನೆಯದೊಂದು ಪಟ್ಟಿ ಮಾಡುತ್ತೇನೆ. ಗಡಿಯಾರದ ಸಮಯ ಇರುವ ಆಟಗಳನ್ನು ಗುರುತಿಸಿ ಇಲ್ಲಿಯೇ ಹಾಕುತ್ತೇನೆ, ಕಪ್ಪು ಕಾಯಿಗಳ ಆಟಗಳಿಂದ ಮೊದಲು ಮಾಡುತ್ತೇನೆ. ಶಾಂತ್ ಸರ್ಗ್ಸ್ಯಾನ್ ಅವರ ಆಟಗಳನ್ನು ಇದೇ ರೀತಿ ಯಾರಾದರೂ ವಿಂಗಡಿಸಲು ಮುಂದೆ ಬಂದರೆ ಇಬ್ಬರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.